ಬಡ್ಡಿಗೆ ಖಾತ್ರಿ, ಬೆನ್ನಿಗೆ?

ಇತಿಹಾಸ ಬರೆದವರು ಇದುವರೆಗೂ ರೈಲನ್ನು ಡಬ್ಬಿಯೊಳಗೆ ಕೂತು ನೋಡಿದ್ದಾರೆ. ಹಳಿಯ ಕೆಳಗೆ ಜಲ್ಲಿ ಹಾಕಿದವರು, ವ್ಯಾಗನ್ನಿನ ಬಾಗಿಲಲ್ಲಿ ನಿಂತು ಚೀಲ ಹೊತ್ತವರು ಬರೆದ ಇತಿಹಾಸ ನಮ್ಮ ಕೈಗೆ ಸಿಕ್ಕಿಲ್ಲ. ಅವರಿಗೆ ಅಕ್ಷರ ಕೊಟ್ಟಿರಲಿಲ್ಲ, ಅದಕ್ಕೇ ಸಿಕ್ಕಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ನಾವು. ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನವರು. ಆದ್ದರಿಂದ ಈ ಲೆಕ್ಕ ಬರೆಯುವ ಸಾಲ ನಮ್ಮ ಮೇಲಿದೆ.

2023ರ ಮಾರ್ಚ್ 12ರಂದು ಧಾರವಾಡದಲ್ಲಿ ದೊಡ್ಡ ಸಮಾರಂಭ ನಡೆಯಿತು. ಪ್ರಧಾನಿ ಬಂದಿದ್ದರು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದದ್ದು ಅಂತ, ದೇಶಕ್ಕೆ ಅರ್ಪಣೆಯಾಯಿತು. ಅದೇ ವೇದಿಕೆಯಲ್ಲಿ ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ಮಾರ್ಗದ ವಿದ್ಯುದೀಕರಣವೂ ಅರ್ಪಣೆಯಾಯಿತು. ಅದಕ್ಕೆ ಆದ ಖರ್ಚು 530 ಕೋಟಿ ರೂಪಾಯಿಗೂ ಮೇಲೆ. ನಮ್ಮ ಜನ ಪ್ಲಾಟ್‌ಫಾರ್ಮಿನ ಉದ್ದದ ಬಗ್ಗೆ ಮಾತಾಡಿದರು. ಆದರೆ ಸರಕು ಸಾಗಿಸುವವರಿಗೆ ದೊಡ್ಡ ಸುದ್ದಿ ಆ ತಂತಿಯದಾಗಿತ್ತು. ಬಳ್ಳಾರಿ ಸೀಮೆಯ ಗಣಿ, ಉಕ್ಕಿನ ಕುಲುಮೆಗಳಿಂದ ಗೋವಾದ ಮರ್ಮಗೋವಾ ಬಂದರಿಗೆ ಹೋಗುವ ದಾರಿ ಅದು. ಗದಗ ದಾಟಿ, ಅಣ್ಣಿಗೇರಿ ಹಾದು, ಹುಬ್ಬಳ್ಳಿ ಧಾರವಾಡ ಮುಟ್ಟಿ ಘಟ್ಟ ಇಳಿಯುವ ದಾರಿ.

ಅಣ್ಣಿಗೇರಿ ಸ್ಟೇಶನ್ನಿನ ಹತ್ತಿರ ನಮ್ಮ ಕೇರಿಯ ಹಿರಿಯರೊಬ್ಬರು ಸಿಕ್ಕರು. ವಯಸ್ಸಿನಲ್ಲಿ ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊತ್ತವರು. ತಂತಿ ತೋರಿಸಿ ನಾವು ಹೇಳಿದೆವು: "ಕಾಕಾ, ಇನ್ನ ಮ್ಯಾಲೆ ಹೊಗಿ ಇಲ್ಲದ ಗಾಡಿ."

ಅವರು ಅಂದರು: "ಹೊಗಿ ಹೋತು, ಚೊಲೋ ಆತು. ಹಮಾಲಿ ರೇಟ್ ಏನರ ಏರೈತೇನು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತಾ ನೂರೆಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಹೋದಾಗ ನಮಗೆ ಕಂಡದ್ದು ಇದು: ಧಾರವಾಡ ಸೀಮೆಯ ಸರಕನ್ನು ಸಮುದ್ರಕ್ಕೆ ಮುಟ್ಟಿಸಲು ಸರಕಾರ ತನ್ನ ಬೊಕ್ಕಸವನ್ನು ನಾಲ್ಕು ಸಲ ಬಿಚ್ಚಿದೆ. ಒಮ್ಮೆ ಹತ್ತಿ ಸ್ವಚ್ಛ ಮಾಡುವ ಜಿನ್ನಿಗೆ, ಒಮ್ಮೆ ಘಟ್ಟದ ರಸ್ತೆಗೆ, ಒಮ್ಮೆ ರೈಲು ಕಂಪನಿಯ ಬಡ್ಡಿಗೆ, ಈಗ ವಿದ್ಯುತ್ತಿಗೆ ಮತ್ತು ಹಸಿರು ಬಂದರಿಗೆ. ನಾಲ್ಕೂ ಸಲ ಸರಕಿಗೆ ಖಾತ್ರಿ ಸಿಕ್ಕಿತು, ಹಣ ಹಾಕಿದವರಿಗೆ ಖಾತ್ರಿ ಸಿಕ್ಕಿತು. ಹೊತ್ತವರಿಗೆ ಒಮ್ಮೆಯೂ ಸಿಗಲಿಲ್ಲ.

1

ಹುಬ್ಬಳ್ಳಿಯಿಂದ ಗದಗಿನ ಕಡೆ ಗಾಡಿ ಹತ್ತಿದರೆ ಮೊದಲು ಕುಸುಗಲ್ಲು ಬರುತ್ತದೆ. ಎರಡೂ ಕಡೆ ಎರಿ ಹೊಲ. ಈ ಕುಸುಗಲ್ಲಿನಲ್ಲಿ 1840ರ ದಶಕದಲ್ಲಿ ಕಂಪನಿ ಸರಕಾರ ಒಂದು ಪ್ರಯೋಗದ ಹೊಲ ನಡೆಸಿತು. ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತಿ ಪ್ಲಾಂಟರುಗಳನ್ನು ಸಂಬಳ ಕೊಟ್ಟು ಕರೆಸಿದ್ದರು. ಅವರ ಊರಿನಲ್ಲಿ ಹತ್ತಿ ಬಿತ್ತಿ ಬಿಡಿಸುತ್ತಿದ್ದವರು ಕರಿಯ ಗುಲಾಮರು ಎಂಬುದನ್ನು ನಾವು ಮರೆಯಬಾರದು. ಗುಲಾಮರಿಂದ ದುಡಿಸಿ ಕಲಿತ ವಿದ್ಯೆಯನ್ನು ನಮ್ಮ ರೈತನಿಗೆ ಕಲಿಸಲು ಅವರು ಬಂದಿದ್ದರು. ಕಡೆಗೆ ಅವರಲ್ಲೇ ಒಬ್ಬನಾದ ಮರ್ಸರ್ ಎಂಬಾತ, ಈ ಪ್ರಯೋಗದ ಹೊಲಗಳು ಸರಕಾರಕ್ಕೆ ದಂಡದ ಖರ್ಚು ಅಂತ 1845ರಲ್ಲಿ ತಾನೇ ಬರೆದು ಕೊಟ್ಟ. ಹೊಲ ಮುಚ್ಚಿದರೂ ಬೀಜ ಉಳಿಯಿತು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಆ ಹತ್ತಿ ಜವಾರಿ ಹತ್ತಿಯ ಮಗ್ಗುಲಿಗೇ ಬೆಳೆಯಿತು. ಅದರ ಬೀಜ ಬಿಡಿಸಲು ಗರಗಸದ ಹಲ್ಲಿನ ಜಿನ್ನು ಬೇಕಿತ್ತು. ಸರಕಾರ ಧಾರವಾಡದಲ್ಲೇ ಕಾರ್ಖಾನೆ ಇಟ್ಟು ಅವನ್ನು ಮಾಡಿಸಿ ಹಂಚಿತು.

ಸರಕಾರಕ್ಕೆ ಯಾಕೆ ಇಷ್ಟು ಮುತುವರ್ಜಿ? ಲ್ಯಾಂಕಾಶೈರಿನ ಗಿರಣಿ ಮಾಲಕರು ಹಿಂದುಸ್ತಾನದ ಹತ್ತಿ ಹೊಲಸು ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಅದರಲ್ಲಿ ಎಲೆ ಇದೆ, ಬೀಜ ಇದೆ, ಮಣ್ಣು ಇದೆ ಅಂತ ದೂರು. ಅಮೆರಿಕದಲ್ಲಿ 1861ರಿಂದ 1865ರ ತನಕ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆ ಬಂದಾಗ ಕಲಬೆರಕೆಯೂ ಹೆಚ್ಚಾಯಿತು. ದಲಾಲರು, ಅಂಗಡಿಕಾರರು ಬೀಜ ಬೆರೆಸಿದರು, ಒಂದು ತಳಿಗೆ ಇನ್ನೊಂದು ತಳಿ ಬೆರೆಸಿದರು. ಮೋಸ ಇರಲಿಲ್ಲ ಅಂತ ನಾವು ಹೇಳುವುದಿಲ್ಲ. ಮುಂಬೈ ಸರಕಾರ 1863ರಲ್ಲಿ ಹತ್ತಿ ಮೋಸದ ಕಾಯ್ದೆ ತಂದಿತು. ಇನ್ಸ್‌ಪೆಕ್ಟರುಗಳು ಬಂದರು, ಅಂಡಗಿ ಬಿಚ್ಚಿ ನೋಡಿದರು, ಖಟ್ಲೆ ಹಾಕಿದರು.

ಈ ಹತ್ತಿಯನ್ನು ಬಿಡಿಸುತ್ತಿದ್ದವರು ಯಾರು? ಹೊಲದಲ್ಲಿ ಹೆಣ್ಣಾಳುಗಳು. ಮನೆಯಲ್ಲೂ ಹೆಂಗಸರೇ. ಜವಾರಿ ಹತ್ತಿಯನ್ನು ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸರಳನ್ನು ಎರಡೂ ಪಾದಗಳಿಂದ ಉರುಳಿಸಿ ಬೀಜ ಹಿಂಡಿ ತೆಗೆಯುತ್ತಿದ್ದರು. ದಿನವಿಡೀ ಉರುಳಿಸಿದರೂ ಸಿಗುವ ಅರಳೆ ಎಷ್ಟು, ಕೂಲಿ ಎಷ್ಟು! ಸ್ವಚ್ಛತೆ ಎಂಬ ಮಾತು ಕಾಯ್ದೆಯ ರೂಪದಲ್ಲಿ ಈ ಮಣ್ಣಿಗೆ ಬಂದದ್ದು ಹೀಗೆ, ಹತ್ತಿಯ ಅಂಡಗಿಯ ಮೇಲೆ ಕೂತು. ಬಿಡಿಸಿದ ಕೈ ಮೈಲಿಗೆ, ಆ ಕೈ ಕೊಟ್ಟ ನೀರು ಮೈಲಿಗೆ ಅನ್ನುವ ಹೊಲಸನ್ನು ಮಾತ್ರ ಆ ಕಾಯ್ದೆ ಕಣ್ಣೆತ್ತಿ ನೋಡಲಿಲ್ಲ. ಅದನ್ನು ಅಪರಾಧ ಅಂತ ಕರೆಯಲು ಸಂವಿಧಾನ ಬರಬೇಕಾಯಿತು.

2

ಹತ್ತಿ ಸ್ವಚ್ಛವಾದರೆ ಸಾಲದು, ಹಡಗಿಗೆ ಮುಟ್ಟಬೇಕು. ಧಾರವಾಡದ ಜವಾರಿ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು. ಬೆಳೆದದ್ದು ನವಲಗುಂದ, ಕುಂದಗೋಳದ ಎರಿಯಲ್ಲಿ. ಹೆಸರು ಮಾತ್ರ ಹಡಗು ಹತ್ತಿದ ಬಂದರಿನದು. ಬೆಳೆದವನ ಊರು ಪೇಟೆಗೆ ಬೇಕಾಗಿರಲಿಲ್ಲ.

ಹೊತ್ತು ಒಯ್ಯುತ್ತಿದ್ದದ್ದು ಚಕ್ಕಡಿಗಳು ಮತ್ತು ಲಂಬಾಣಿಗಳ ಹೇರಿನ ಎತ್ತುಗಳು. ಕಲಘಟಗಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿಯುವ ದಾರಿ ಕಾರವಾರಕ್ಕೆ ಹೋಗುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದಕ್ಕೂ ಹತ್ತಿಯೇ ಕಾರಣ. ಕಾರವಾರ ಬಂದರು ಬೆಳೆಸಬೇಕು, ಧಾರವಾಡದ ಹತ್ತಿ ಅಲ್ಲಿಂದ ನೇರ ಹಡಗು ಹತ್ತಬೇಕು ಎಂಬ ಒತ್ತಾಯ ಮ್ಯಾಂಚೆಸ್ಟರಿನಿಂದ ಬಂತು. ಒಂದು ಜಿಲ್ಲೆಯ ಜನ ಯಾವ ಪ್ರಾಂತದಲ್ಲಿರಬೇಕು ಎಂಬುದನ್ನು ಏಳು ಸಮುದ್ರದಾಚೆಯ ಗಿರಣಿಗಳು ತೀರ್ಮಾನಿಸಿದವು.

ರಸ್ತೆಗೆ ದುಡ್ಡು ಎಲ್ಲಿಂದ? ಘಟ್ಟದ ದೊಡ್ಡ ರಸ್ತೆಗಳಿಗೆ ಸರಕಾರದ ಬೊಕ್ಕಸ ಇತ್ತು. ಅದರ ಜೊತೆಗೆ 1860ರ ದಶಕದಲ್ಲಿ ಮುಂಬೈ ಪ್ರಾಂತದಲ್ಲಿ ಲೋಕಲ್ ಫಂಡ್ ಸೆಸ್ಸು ಬಂತು. ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ. ಆ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಹಳ್ಳಿಯ ಮಾಸ್ತರರಾದ ಗೆಳೆಯರು ಈ ಲೆಕ್ಕವನ್ನು ತಮ್ಮ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸಲಿ.

ಆ ಒಂದು ಪಾಲಿನ ಶಾಲೆಯಾದರೂ ನಮಗೆ ದಕ್ಕಿತೇ? ಸೆಸ್ಸು ಬರುವುದಕ್ಕೆ ಕೆಲವೇ ವರ್ಷ ಮೊದಲು, 1856ರ ಜೂನಿನಲ್ಲಿ, ಮಹಾರ್ ಜಾತಿಯ ಒಬ್ಬ ಹುಡುಗ ಮುಂಬೈ ಸರಕಾರಕ್ಕೆ ಅರ್ಜಿ ಬರೆದಿದ್ದ. ಧಾರವಾಡದ ಸರಕಾರಿ ಶಾಲೆಯಲ್ಲಿ ಫೀ ಕೊಡಲು ತಯಾರಿದ್ದರೂ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಅವನ ಕಡೆ ನ್ಯಾಯ ಇದೆ ಅಂತ ಸರಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ಜನರ ಪೂರ್ವಗ್ರಹ ಎದುರು ಹಾಕಿಕೊಂಡರೆ ಶಾಲೆಯೇ ಕೆಡುತ್ತದೆ ಅಂತ ಕೈ ತೊಳೆದುಕೊಂಡಿತು. ಬಾಬಾಸಾಹೇಬರು ಈ ಸಂಗತಿಯನ್ನು ಮುಂದೆ ಎತ್ತಿ ತೋರಿಸಿದರು. ಅಂಡಗಿಯ ಒಳಗಿನ ಹೊಲಸಿಗೆ ಕಾಯ್ದೆ ಮಾಡಬಲ್ಲ ಸರಕಾರ, ಜಿಲ್ಲೆಯನ್ನೇ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಎತ್ತಿಡಬಲ್ಲ ಸರಕಾರ, ಒಂದು ಶಾಲೆಯ ಬಾಗಿಲು ತೆರೆಯಲಾರದೆ ಹೋಯಿತು. ಆ ಹುಡುಗನ ಹೆಸರು ನಮಗೆ ಯಾವ ಪಠ್ಯಪುಸ್ತಕದಲ್ಲೂ ಕಲಿಸಲಿಲ್ಲ.

3

1876ರಲ್ಲಿ ಮಳೆ ಕೈಕೊಟ್ಟಿತು. ಬಂದದ್ದು ದೊಡ್ಡ ಬರ, 1878ರ ತನಕ. ಆಗ ಧಾರವಾಡ ಜಿಲ್ಲೆಯೊಳಗೆ ಒಂದು ಮೊಳ ಹಳಿ ಇರಲಿಲ್ಲ. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು ಜನ ಜೀವ ಹಿಡಿದರು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರ ಸುರುವಿನಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು ಮತ್ತು ಒಂದಾಣೆ ಸಾಕು ಅಂತ ಗೊತ್ತುಮಾಡಿದ. ಒಂದು ಪೌಂಡು ಅಂದರೆ 450 ಗ್ರಾಮು. ದಿನವಿಡೀ ಮಣ್ಣು ಹೊರುವ ಆಳಿಗೆ! ಈ ಕೂಲಿ ಒಲ್ಲೆವು ಅಂತ ಮುಂಬೈ ಪ್ರಾಂತದ ಹಲವು ಕಡೆ ಹಸಿದ ಜನ ಕಾಮಗಾರಿ ಬಿಟ್ಟು ಎದ್ದು ಹೋದರು. ಹೊಟ್ಟೆಯಲ್ಲಿ ಕಾಳಿಲ್ಲದವರು ಹೂಡಿದ ಮುಷ್ಕರ ಅದು.

1880ರಲ್ಲಿ ಬರಗಾಲದ ಆಯೋಗ ವರದಿ ಕೊಟ್ಟಿತು. ಕಾಳು ಸಾಗಿಸಲು ರೈಲು ಬೇಕು ಅಂತ ಹೇಳಿತು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಗದಗಿಗೆ, ಗದಗಿನಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಕುಂದಗೋಳದ ಮೇಲೆ ಹರಿಹರದ ಕಡೆಗೆ ಅದೇ ದಶಕದಲ್ಲಿ ಹಳಿ ಬಿತ್ತು. ಬರದ ರೈಲು ಅಂತಲೇ ಅದಕ್ಕೆ ಹೆಸರು.

ಈ ಕಂಪನಿ ದುಡ್ಡು ಕೂಡಿಸಿದ ರೀತಿಯನ್ನು ನಾವು ಚೆನ್ನಾಗಿ ತಿಳಿದುಕೊಳ್ಳಬೇಕು. ಲಂಡನ್ನಿನ ಷೇರುದಾರನಿಗೆ ಸರಕಾರ ಬಡ್ಡಿಯ ಖಾತ್ರಿ ಕೊಟ್ಟಿತು. ಮೊದಲ ವರ್ಷಗಳಿಗೆ ನೂರಕ್ಕೆ ನಾಲ್ಕು, ಆಮೇಲೆ ಮೂರೂವರೆ. ಹಳಿಯ ಮೇಲೆ ಗಾಡಿ ತುಂಬಿ ಓಡಲಿ, ಖಾಲಿ ಓಡಲಿ, ಬಡ್ಡಿ ಮಾತ್ರ ತಪ್ಪಬಾರದು. ಕಂಪನಿಯ ಗಳಿಕೆ ಸಾಲದಿದ್ದರೆ ಹಿಂದುಸ್ತಾನದ ಬೊಕ್ಕಸ ತುಂಬಿಕೊಡಬೇಕು. ಈ ಪದ್ಧತಿ ಹೊಸದಲ್ಲ. 1849ರಲ್ಲಿ ಮುಂಬೈಯ ಜಿಐಪಿ ರೈಲ್ವೆಗೆ ನೂರಕ್ಕೆ ಐದು ಅಂತ ಖಾತ್ರಿ ಕೊಟ್ಟಾಗಲೇ ಇದು ಸುರುವಾಗಿತ್ತು. ಬೊಕ್ಕಸದ ದುಡ್ಡು ಯಾರದು? ಭೂಕಂದಾಯದ್ದು, ಉಪ್ಪಿನ ತೆರಿಗೆಯದು. ಅಂದರೆ ಬರದಲ್ಲಿ ಬದುಕಿ ಉಳಿದವರದು. ಮಳೆ ಕೈಕೊಟ್ಟರೆ ರೈತನ ಗಳಿಕೆಗೆ ಖಾತ್ರಿ ಇಲ್ಲ. ಕೆಲಸ ನಿಂತರೆ ಕೂಲಿಗೆ ಖಾತ್ರಿ ಇಲ್ಲ. ಅವರಿಬ್ಬರೂ ಸೇರಿ, ಯಾವತ್ತೂ ಈ ಮಣ್ಣು ತುಳಿಯದ ಷೇರುದಾರನ ಗಳಿಕೆಗೆ ಖಾತ್ರಿ ನಿಂತರು. ರೈಲಿಗೆ ಸುರಿದ ದುಡ್ಡನ್ನು ನೀರಾವರಿಗೆ ಹಾಕಿದ್ದರೆ ಬರದಿಂದ ಹೆಚ್ಚು ಕಾಪಾಡಬಹುದಿತ್ತು ಅಂತ ರಮೇಶ ಚಂದ್ರ ದತ್ತರು ನೂರಿಪ್ಪತ್ತು ವರ್ಷದ ಹಿಂದೆಯೇ ವಾದಿಸಿದ್ದರು.

ಗೋವಾದ ಕಡೆಯ ಲೆಕ್ಕ ಇನ್ನೂ ವಿಚಿತ್ರ. ಹತ್ತಿಗೆ ಬಂದರು ಬೇಕಿತ್ತು. ಕಾರವಾರಕ್ಕೆ ರೈಲು ಬರುತ್ತದೆ ಅಂತ ವರ್ಷಗಟ್ಟಲೆ ಮಾತು ನಡೆದು, ಸರ್ವೆ ಆಗಿ, ಕಡೆಗೆ ಅದನ್ನು ಬಿಟ್ಟರು. ಆರಿಸಿದ್ದು ಪೋರ್ಚುಗೀಸರ ಮರ್ಮಗೋವಾ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಬಂದರು ಮತ್ತು ರೈಲು ಕಟ್ಟುವ ಕಂಪನಿ ಲಂಡನ್ನಿನದೇ. ಅದಕ್ಕೆ ಬಡ್ಡಿಯ ಖಾತ್ರಿ ಪೋರ್ಚುಗೀಸ್ ಸರಕಾರದ್ದು. ಆ ಸರಕಾರಕ್ಕೆ ದುಡ್ಡು ಬಂದದ್ದು ಉಪ್ಪಿನಿಂದ. ಗೋವಾದ ಉಪ್ಪಿನ ಮೇಲಿನ ಹಿಡಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು, ಬದಲಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟರು. ಆ 4 ಲಕ್ಷ ರೈಲಿನ ಬಡ್ಡಿಗೆ ಹೋಯಿತು. ಗಡಿಯಾಚೆಯಿಂದ ಅಗ್ಗದ ಉಪ್ಪು ಬರದಂತಾಯಿತು, ಉಪ್ಪಿನ ಆಗರಗಳಲ್ಲಿ ದುಡಿಯುತ್ತಿದ್ದವರ ಹೊಟ್ಟೆಗೂ ಪೆಟ್ಟು ಬಿತ್ತು. ನಮ್ಮ ಅಜ್ಜಿಯಂದಿರ ಅಂಬಲಿಯಲ್ಲಿ ಕಡಿಮೆಯಾದ ಒಂದು ಹರಳು ಉಪ್ಪು ಲಂಡನ್ನಿನಲ್ಲಿ ಬಡ್ಡಿಯಾಗಿ ಎಣಿಕೆಯಾಯಿತು. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಘಟ್ಟ ಇಳಿದು ಹಳಿ ಸಮುದ್ರ ಮುಟ್ಟಿತು. ಉಪ್ಪಿನ ಒಪ್ಪಂದ 1892ಕ್ಕೆ ಮುಗಿಯಿತು. ಗೋವಾದ ಆ ರೈಲನ್ನು ನಡೆಸುವ ಕೆಲಸವೂ 1902ರಲ್ಲಿ ಸದರ್ನ್ ಮರಾಠಾ ಕಂಪನಿಗೇ ಬಂತು.

ಹಳಿ ಬಂದ ಮೇಲೆ ಕುಮಟಾ ಬಂದರು ಬರಿದಾಯಿತು. ಚಕ್ಕಡಿ ಹೊಡೆಯುವವರು ಕೂಲಿಯಾದರು. ಹೇರಿನ ಎತ್ತುಗಳ ಮೇಲೆ ತಲೆತಲಾಂತರ ಬದುಕಿದ ಲಂಬಾಣಿಗಳ ಕಸುಬು ಮುರಿಯಿತು. ಕಸುಬು ಕಿತ್ತುಕೊಂಡ ಸರಕಾರವೇ ಹಲವು ಕಡೆ ಅವರನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೂ ಸೇರಿಸಿತು. ಇವತ್ತು ಕಲಘಟಗಿಯ ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರು ಒಂದು ಕಾಲಕ್ಕೆ ಈ ನಾಡಿನ ಸರಕು ಸಾಗಣೆಯನ್ನೇ ನಡೆಸಿದವರ ಮೊಮ್ಮಕ್ಕಳು.

4

ರೈಲಿನಿಂದ ನಮ್ಮವರಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. ಸುಳ್ಳು ಹೇಳಬಾರದು. ಬರದ ಊರಿಗೆ ಕಾಳಿನ ಚೀಲ ಬೇಗ ಬಂತು. ಕೊಳ್ಳುವ ದುಡ್ಡು ಕೈಯಲ್ಲಿ ಇದ್ದವರಿಗೆ ಅದು ಅನ್ನವಾಯಿತು, ಇಲ್ಲದವರು ಸ್ಟೇಶನ್ನಿನಲ್ಲಿ ಚೀಲ ನೋಡಿಕೊಂಡು ನಿಂತರು. 1896–97ರಲ್ಲಿ, ಮತ್ತೆ 1899–1900ರಲ್ಲಿ ಮುಂಬೈ ಪ್ರಾಂತಕ್ಕೆ ಬರ ಬಂದಾಗ ಹಳಿ ಇತ್ತು, ಹಸಿವೂ ಇತ್ತು. ಇನ್ನೊಂದು ದೊಡ್ಡ ಸಂಗತಿ, ರೊಕ್ಕದ ಕೂಲಿ. ಊರ ಗೌಡರ, ಕುಲಕರ್ಣಿಯ ಬಿಟ್ಟಿ ಚಾಕರಿಯಿಂದ ತಪ್ಪಿಸಿಕೊಂಡು ಹಳಿಯ ಮೇಲೆ ದುಡಿದರೆ ತಿಂಗಳಿಗೆ ಕೈಯಲ್ಲಿ ಚಿಲ್ಲರೆ ಬೀಳುತ್ತಿತ್ತು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಬಂದ ಮೇಲೆ ಎಷ್ಟೋ ಬಡವರ ಮಕ್ಕಳು ಊರು ಬಿಟ್ಟು ಬಂದು ಮನುಷ್ಯರಾದರು.

ಆದರೆ ಜಾತಿಯೂ ಅದೇ ಗಾಡಿ ಹತ್ತಿ ಬಂತು. 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ಜಿಐಪಿ ರೈಲ್ವೆಯ ದಲಿತ ಕೆಲಸಗಾರರ ಪರಿಷತ್ತು ನಡೆಯಿತು. ಬಾಬಾಸಾಹೇಬ ಅಂಬೇಡ್ಕರರು ಅಲ್ಲಿ ಅಧ್ಯಕ್ಷರು. ಕೆಲಸಗಾರರಿಗೆ ಎರಡು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಅವರು ಸಾರಿದ್ದು ಅದೇ ಸಭೆಯಲ್ಲಿ. ಆ ಮಾತು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅದೇ ಭಾಷಣದಲ್ಲಿ ಅವರು ಕೊಟ್ಟ ಉದಾಹರಣೆಗಳನ್ನು ನಾವು ಓದಿಲ್ಲ. ಅಸ್ಪೃಶ್ಯನು ಗ್ಯಾಂಗ್‌ಮನ್ ಆಗಿ ಸೇರಿದರೆ ವರ್ಷ ವರ್ಷ ಗ್ಯಾಂಗ್‌ಮನ್ನೇ ಆಗಿ ಉಳಿಯುತ್ತಾನೆ, ಅವನಿಗೆ ಬಡ್ತಿ ಇಲ್ಲ. ಪೋರ್ಟರ್ ಕೆಲಸವನ್ನೂ ಅವನಿಗೆ ಕೊಡುವುದಿಲ್ಲ. ಯಾಕಂದರೆ ಸ್ಟೇಶನ್ ಮಾಸ್ತರನು ಪೋರ್ಟರನನ್ನು ತನ್ನ ಮನೆಗೆಲಸಕ್ಕೂ ಬಳಸುತ್ತಾನೆ, ಅಸ್ಪೃಶ್ಯ ಬಂದರೆ ಮನೆ ಮೈಲಿಗೆ! ಅವರು ಹೇಳಿದ್ದು ಬೇರೆ ಕಂಪನಿಯ ಮಾತು. ಓದಿದರೆ ನಮ್ಮ ಕೇರಿಯ ಮಾತೇ.

ಗ್ಯಾಂಗ್‌ಮನ್ನಿಗಾದರೂ ಕಂಪನಿಯ ಪಟ್ಟಿಯಲ್ಲಿ ಹೆಸರಿತ್ತು. ಹಮಾಲನಿಗೆ ಅದೂ ಇಲ್ಲ. ಗೂಡ್ಸ್ ಶೆಡ್ಡಿನ ವ್ಯವಸ್ಥೆ ಹೀಗಿದೆ: ರೈಲ್ವೆ ಸರಕು ತಂದು ನಿಲ್ಲಿಸುತ್ತದೆ, ಇಳಿಸಿಕೊಳ್ಳುವುದು ಸರಕಿನವನ ಜವಾಬ್ದಾರಿ. ಸರಕಿನವನು ಗುತ್ತಿಗೆದಾರನಿಗೆ ಹೇಳುತ್ತಾನೆ, ಗುತ್ತಿಗೆದಾರ ಮುಕ್ಕದ್ದಮನಿಗೆ, ಮುಕ್ಕದ್ದಮ ಹಮಾಲರಿಗೆ. ಗೊತ್ತುಮಾಡಿದ ತಾಸಿನೊಳಗೆ ವ್ಯಾಗನ್ನು ಖಾಲಿ ಆಗಬೇಕು, ಇಲ್ಲದಿದ್ದರೆ ಡೆಮರೇಜು ಬೀಳುತ್ತದೆ. ರೇಕು ನಡುರಾತ್ರಿ ಬಂದರೆ ನಡುರಾತ್ರಿಯೇ ಏಳಬೇಕು. ದಕ್ಷತೆ, ವೇಗ ಅಂತ ಕಾಗದದಲ್ಲಿ ಬರೆಯುತ್ತಾರಲ್ಲ, ಗೂಡ್ಸ್ ಶೆಡ್ಡಿನಲ್ಲಿ ಅದು ಹಮಾಲನ ನಿದ್ದೆಯ ಲೆಕ್ಕ. ಕಾಲು ಜಾರಿ ಚೀಲದ ಕೆಳಗೆ ಸಿಕ್ಕವನ ಬಗ್ಗೆ ಕೇಳಿದರೆ ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಾನೆ. ಅಣ್ಣಿಗೇರಿಯ ಆ ಕಾಕಾನ ಎಡಗೈ ಈಗ ಭುಜದ ಮೇಲೆ ಏಳುವುದಿಲ್ಲ. "ಯಾರನ್ನ ಕೇಳೂದು? ನಮ್ಮ ಹೆಸರು ಯಾವ ವಹಿಯಾಗೂ ಇರಲಿಲ್ಲ" ಅಂದರು.

ಒಂದು ಸಣ್ಣ ಸಂಗತಿ. 2018ರಲ್ಲಿ ಯೂರಿಯಾ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿಯಿತು. ಹಮಾಲರಿಗೆ ಐದು ಕಿಲೋ ಹಗುರಾಯಿತು. ಇಳಿಸಿದ್ದು ಅವರ ಬೆನ್ನು ನೋಡಿ ಅಲ್ಲ, ರೈತರು ಯೂರಿಯಾ ಸುರಿಯುವುದು ಕಡಿಮೆಯಾಗಲಿ ಅಂತ. ಬೆನ್ನಿನ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ, ಅದಕ್ಕೆ ಸಿಕ್ಕಿದ್ದು ಆಕಸ್ಮಿಕ.

5

ಸ್ವಾತಂತ್ರ್ಯದ ನಂತರ ಈ ಲೆಕ್ಕ ಬದಲಾಯಿತು ಅನ್ನುವವರು ನವಲಗುಂದಕ್ಕೆ ಬರಲಿ. ಹಳಿ ಕಾಣದ ಊರು ನವಲಗುಂದ. ಅಲ್ಲಿಗೆ ಮಲಪ್ರಭೆಯ ಕಾಲುವೆ ಬಂತು. ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಬಂತು. ಸರಕಾರ ಕಾಲುವೆ ಮಾಡಿ ನಿಮ್ಮ ಭೂಮಿಯ ಬೆಲೆ ಏರಿಸಿದೆ, ಆದ್ದರಿಂದ ಸುಧಾರಣೆಯ ಕರ ಕಟ್ಟಿರಿ ಅಂತ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಕರ್ನಾಟಕದ ರೈತ ಚಳವಳಿ ಆ ರಕ್ತದಿಂದ ಎದ್ದು ಬಂತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. 1882ರಲ್ಲಿ ಲಂಡನ್ನಿನ ಷೇರುದಾರನಿಗೆ ಲಾಭ ಬರುವ ಮೊದಲೇ ಸರಕಾರ ಬಡ್ಡಿ ಕೊಟ್ಟಿತು. 1980ರಲ್ಲಿ ನವಲಗುಂದದ ರೈತನಿಂದ ಲಾಭ ಬರುವ ಮೊದಲೇ ಸರಕಾರ ಕರ ಕೇಳಿತು. ಸರಕಾರದ ಧ್ವಜ ಬದಲಾಗಿತ್ತು, ದುಡ್ಡು ಹರಿಯುವ ದಿಕ್ಕು ಬದಲಾಗಿರಲಿಲ್ಲ. ಅದೇ ಹೊಲದಲ್ಲಿ ದುಡಿಯುವ ಭೂಮಿ ಇಲ್ಲದ ಆಳಿನ ಕೂಲಿಯ ಮಾತು ಆ ಚಳವಳಿಯಲ್ಲೂ ಹಿಂದೆ ಉಳಿಯಿತು. ಇದನ್ನೂ ನಾವು ಹೇಳದೆ ಬಿಡಬಾರದು.

6

ಈಗ ಮತ್ತೆ ತಂತಿಯ ಕೆಳಗೆ ಬರೋಣ. ರೈಲಿನಲ್ಲಿ ಸರಕು ಹೋಗುವುದು ಲಾರಿಯಲ್ಲಿ ಹೋಗುವುದಕ್ಕಿಂತ ಒಳ್ಳೆಯದು. ಒಂದು ಟನ್ನಿಗೆ ಬೇಕಾಗುವ ಇಂಧನ ಬಹಳ ಕಡಿಮೆ. ಡೀಸೆಲ್ಲಿಗಿಂತ ವಿದ್ಯುತ್ತು ವಾಸಿ, ಎಂಜಿನ್ನಿನ ಹೊಗೆ ಊರೊಳಗೆ ಬೀಳುವುದಿಲ್ಲ. ನಾವು ತಂತಿಯ ವಿರೋಧಿಗಳಲ್ಲ. ಆದರೆ ಆ ಸ್ವಚ್ಛ ಎಂಜಿನ್ನು ಎಳೆಯುವುದೇನು? ಮರ್ಮಗೋವಾದಲ್ಲಿ ಇಳಿದ ಪರದೇಶದ ಕಲ್ಲಿದ್ದಲನ್ನು. ಒಂದು ರೇಕಿಗೆ ಸುಮಾರು 58 ವ್ಯಾಗನ್ನು, ಮೂರು ಸಾವಿರ ಟನ್ನಿಗೂ ಮೇಲೆ. ಹೋಗುವುದು ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗೆ. ಎಂಜಿನ್ನಿನ ವಿದ್ಯುತ್ತು ಕೂಡ ಈ ದೇಶದಲ್ಲಿ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ. ಹೊಗೆ ಸ್ಥಳ ಬದಲಿಸಿದೆ.

ಹೊಸಪೇಟೆಯಿಂದ ವಾಸ್ಕೊ ತನಕ ಹಳಿ ಜೋಡಿ ಮಾಡುವ ಯೋಜನೆ ಕಲ್ಲಿದ್ದಲಿಗಾಗಿ ಅಂತ ಗೋವಾದ ಜನ ಎದ್ದು ನಿಂತರು. 2020ರ ನವೆಂಬರ್ ಒಂದರ ರಾತ್ರಿ ಚಾಂದೋರಿನ ರೈಲು ಗೇಟಿನಲ್ಲಿ ಸಾವಿರಾರು ಜನ ಸೇರಿ ಬೆಳಗಿನ ತನಕ ಹಳಿಯ ಮೇಲೆ ಕೂತರು. ಕ್ಯಾಸಲ್‌ರಾಕ್–ಕುಳೆ ಘಟ್ಟದಲ್ಲಿ ಎರಡನೇ ಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ 9ರಂದು ರದ್ದು ಮಾಡಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೊಂದು ಕತೆ. ಕಲಘಟಗಿ, ಯಲ್ಲಾಪುರದ ಮೇಲೆ ಹೋಗಬೇಕಾದ ಹಳಿ, ಹಳೆಯ ಹತ್ತಿ ರಸ್ತೆಯ ಜೋಡಿಗೇ. 1990ರ ದಶಕದಲ್ಲಿ ಮಂಜೂರಾಗಿ, 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಸಿಕ್ಕಿ, ಅದೇ ವರ್ಷ ಹೈಕೋರ್ಟಿನ ತಡೆಯಾಯಿತು. ಬೇಕಾಗುವ ಕಾಡು ಸುಮಾರು 600 ಹೆಕ್ಟೇರು. ಕಲಘಟಗಿಯ ಹುಡುಗನಿಗೆ ಕಾಡೂ ಬೇಕು, ಕೆಲಸವೂ ಬೇಕು. ಅವನನ್ನು ಕೂರಿಸಿ ಕೇಳಿದವರು ಯಾರು?

ಬಂದರಿಗೂ ಈಗ ಹಸಿರು ಬಣ್ಣ ಬಂದಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ 'ಹರಿತ್ ಸಾಗರ್' ಎಂಬ ಹಸಿರು ಬಂದರಿನ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಮರ್ಮಗೋವಾ ಬಂದರು 'ಹರಿತ್ ಶ್ರೇಯ್' ಎಂಬ ಯೋಜನೆ ತಂದಿತು. ಕಡಿಮೆ ಹೊಗೆ ಬಿಡುವ ಹಡಗುಗಳಿಗೆ ಬಂದರಿನ ಶುಲ್ಕದಲ್ಲಿ ರಿಯಾಯಿತಿ. ಜಗತ್ತಿನ ದೊಡ್ಡ ಬಂದರುಗಳು ಬಳಸುವ ಒಂದು ಸೂಚ್ಯಂಕ ಇದೆ, ಹಡಗಿನ ಹೊಗೆಯನ್ನು ಅಂಕ ಹಾಕಿ ಅಳೆಯುತ್ತದೆ. ಅಂಕ ಚೆನ್ನಾಗಿದ್ದರೆ ರಿಯಾಯಿತಿ. ಒಳ್ಳೆಯದೇ. ನಮ್ಮ ಪ್ರಶ್ನೆ ಇಷ್ಟೇ: ಹಡಗಿನ ಹೊಗೆಗೆ ಅಂಕ ಇದೆ, ಆ ಹಡಗಿನಿಂದ ಇಳಿದ ಕಲ್ಲಿದ್ದಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಯಾವ ಅಂಕ ಇದೆ? ಹಡಗಿನ ಮಾಲಕನಿಗೆ ರಿಯಾಯಿತಿ ಇದೆ. ರೇಕು ಇಳಿಸಿದವನಿಗೆ?

7

ಆಗುವುದಿಲ್ಲ ಅಂತ ಯಾರೂ ಹೇಳಬಾರದು. ನೆರೆಯ ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಹಮಾಲರ ಕಾಯ್ದೆ ಬಂದಿದೆ. ಹಮಾಲರು ಹೋರಾಡಿ ತಂದ ಕಾಯ್ದೆ. ಹಮಾಲನ ಹೆಸರು ಮಂಡಳಿಯ ವಹಿಯಲ್ಲಿ ದಾಖಲಾಗಬೇಕು. ಸರಕಿನವನು ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಆ ಲೆವಿಯಿಂದ ಹಮಾಲನಿಗೆ ಪ್ರಾವಿಡೆಂಟ್ ಫಂಡು, ಬೋನಸ್ಸು, ಔಷಧ. ಲೆವಿ ಎಂಬ ಮಾತು ನವಲಗುಂದದಲ್ಲಿ ಗುಂಡಿನ ಜೊತೆ ಬಂದಿತ್ತು, ಅಲ್ಲಿ ಹಮಾಲನ ಕಡೆಗೆ ಹರಿಯಿತು. ಆ ಕಾಯ್ದೆಯಲ್ಲೂ ಕೊರತೆಗಳಿವೆ, ಅದನ್ನು ಮುರಿಯುವವರೂ ಇದ್ದಾರೆ. ಆದರೂ ಬೆನ್ನಿಗೆ ಖಾತ್ರಿ ಕೊಡಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಆದ್ದರಿಂದ ಗೆಳೆಯರೇ, ನಮ್ಮ ಬೇಡಿಕೆ ಸರಳವಾಗಿದೆ. ಬಂದರಿಗೆ, ಹಳಿಗೆ, ಗೂಡ್ಸ್ ಶೆಡ್ಡಿಗೆ ಸರಕಾರ ಅನುದಾನ ಕೊಡುವಾಗ, ಶುಲ್ಕ ಬಿಡುವಾಗ, ಅದೇ ಕಾಗದದಲ್ಲಿ ಅಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರು ಇರಬೇಕು. ಚೀಲದ ತೂಕ, ಕೆಲಸದ ತಾಸು, ಕೂಲಿಯ ದರ, ಗಾಯಕ್ಕೆ ಪರಿಹಾರ, ಮುಪ್ಪಿಗೆ ಪಿಂಚಣಿ ಇವು ಆ ಕಾಗದದ ಕರಾರುಗಳಾಗಬೇಕು. ಇವಿಲ್ಲದೆ ಯಾವ ಬಂದರಿಗೂ ಹಸಿರು ಅಂತ ಸರ್ಟಿಫಿಕೇಟು ಕೊಡಬಾರದು. 1882ರಲ್ಲಿ ಷೇರುದಾರನ ಹೆಸರು ಬರೆದುಕೊಂಡು ಖಾತ್ರಿ ಕೊಟ್ಟ ಸರಕಾರಿ ಪರಂಪರೆಗೆ ಹಮಾಲನ ಹೆಸರು ಬರೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಅಲ್ಲಿಯ ತನಕ ನಾವು ಮಾಡುವ ಕೆಲಸವೂ ಇದೆ. ಅಣ್ಣಿಗೇರಿಯಲ್ಲಿ, ಕುಂದಗೋಳದಲ್ಲಿ, ಹುಬ್ಬಳ್ಳಿಯ ಶೆಡ್ಡುಗಳಲ್ಲಿ ಚೀಲ ಹೊತ್ತವರು ಇನ್ನೂ ಬದುಕಿದ್ದಾರೆ. ವಿದ್ಯಾರ್ಥಿ ಗೆಳೆಯರು ಒಂದೊಂದು ನೋಟುಬುಕ್ಕು ಹಿಡಿದು ಹೋಗಿ. ಯಾವ ವರ್ಷ, ಯಾವ ಸರಕು, ಎಷ್ಟು ಕಿಲೋ, ಎಷ್ಟು ಕೂಲಿ, ಎಲ್ಲಿ ಗಾಯ ಅಂತ ಕೇಳಿ ಬರೆಯಿರಿ. ಮಾಸ್ತರರು ಆ ನೋಟುಬುಕ್ಕನ್ನು ಶಾಲೆಯಲ್ಲಿ ಇಡಿ. 1856ರ ಆ ಹುಡುಗ ಹೊರಗೆ ನಿಂತ ಬಾಗಿಲ ಒಳಗೆ ಈಗ ನಾವಿದ್ದೇವೆ. ಕಾಕಾನ ಹೆಸರು ಯಾವ ವಹಿಯಲ್ಲೂ ಇರಲಿಲ್ಲ. ಮೊದಲ ವಹಿ ನಾವೇ ತೆರೆಯೋಣ.